ಗೇಮಿಂಗ್ ಪೆಟ್ಟಿಗೆಗೆ ಹಲ್ಲಿನ ಡಾಕ್ಟರು

ಹತ್ತೊಂಬತ್ತು ವರ್ಷ ಬೇರೆಯವರ ತಪ್ಪುಗಳನ್ನು ತಿದ್ದಿಕೊಂಡು ಬಂದ ಮನುಷ್ಯ ಸ್ವಂತದ್ದೊಂದು ತಪ್ಪು ಮಾಡಿದ್ದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ, ಚಹಾ ಕುಡಿಯುವ ಹೊತ್ತಿನಲ್ಲಿ.

ಅವನು ಒಂದು ವಾರಪತ್ರಿಕೆಯಲ್ಲಿ ಕರಡು ತಿದ್ದುವವನು. ಕಚೇರಿಯಲ್ಲಿ ಎಲ್ಲರೂ ಅವನನ್ನು ಅಲ್ಪವಿರಾಮ ಎಂದೇ ಕರೆಯುತ್ತಿದ್ದರು. ಪರರ ಬರಹದಲ್ಲಿ ಅಲ್ಪವಿರಾಮ ಕಾಣದಿದ್ದರೆ ಅವನಿಗೆ ಉಸಿರು ಕಟ್ಟುತ್ತಿತ್ತು ಎಂಬುದು ಒಂದು ಕಾರಣ. ಮಾತಾಡುವಾಗ ಅವನೇ ಎರಡು ಪದಕ್ಕೊಮ್ಮೆ ನಿಂತುಬಿಡುತ್ತಿದ್ದ ಎಂಬುದು ಇನ್ನೊಂದು. ಆದರೆ ಆ ಬೆಳಿಗ್ಗೆ ಅವನು ಎಲ್ಲೂ ನಿಲ್ಲಲಿಲ್ಲ. ಹಿಂದಿನ ವಾರದ ತಂತ್ರಜ್ಞಾನ ಪುಟವನ್ನು ಲೋಟದ ಕೆಳಗೆ ಹಾಸಿಕೊಂಡು, “ಇಂಥದ್ದನ್ನ ನಾನು ನಿದ್ದೆಗಣ್ಣಲ್ಲೂ ಬರೀತೀನಿ ಬಿಡ್ರಿ” ಎಂದುಬಿಟ್ಟ.

ಎದುರಿಗೆ ಕೂತಿದ್ದವರು ಯಾರೂ ನಗಲಿಲ್ಲ. ಅವರ ಕಣ್ಣುಗಳೆಲ್ಲ ಅವನ ತಲೆಯ ಮೇಲಿಂದ ಹಿಂದಕ್ಕೆ ಹೋಗಿ ನಿಂತಿದ್ದವು. ಅಲ್ಲಿ ಸಂಪಾದಕರು ನಿಂತಿದ್ದರು.

“ಬಹಳ ಒಳ್ಳೇದಾಯ್ತು” ಎಂದರು ಸಂಪಾದಕರು. “ನಮ್ಮ ತಂತ್ರಜ್ಞಾನದವನಿಗೆ ಮಂಗನಬಾವು. ಎರಡೂ ಕೆನ್ನೆ ಊದಿಕೊಂಡು ಮಲಗಿದಾನೆ. ಹತ್ತು ದಿನ ಯಾರೂ ಹತ್ತಿರ ಸುಳಿಯೋ ಹಾಗಿಲ್ಲವಂತೆ. ಈ ವಾರದ ಪುಟ ನೀವೇ ಬರೀರಿ. ನಿದ್ದೆಗಣ್ಣು ಬೇಡ, ಎಚ್ಚರವಾಗಿದ್ದೇ ಬರೀರಿ.”

ಹಾಗೆಂದು ಅವನ ಕೈಗೆ ಒಂದು ರಟ್ಟಿನ ಡಬ್ಬ ಕೊಟ್ಟರು. ಒಳಗೆ ಬೂದು ಬಣ್ಣದ ಒಂದು ಪೆಟ್ಟಿಗೆ. ಅಂಗೈಯಗಲ, ಮೂರು ಬೆರಳು ದಪ್ಪ. ಜೊತೆಗೆ ಒಂದು ಕರಿ ವೈರು, ಒಂದು ಕೈಪಿಡಿ.

“ಮಿನಿ ಪಿಸಿ ಅಂತಾರೆ ಇದಕ್ಕೆ” ಎಂದರು ಸಂಪಾದಕರು. “ಎಂಥ ಭಾರಿ ಗೇಮನ್ನೂ ದೊಡ್ಡ ಕಂಪ್ಯೂಟರಿನ ಸಮಕ್ಕೆ ಓಡಿಸುತ್ತೆ ಅನ್ನೋದು ಕಂಪನಿಯವರ ಮಾತು. ನಾಲ್ಕು ಗೇಮು ಅವರೇ ತುಂಬಿ ಕಳಿಸಿದಾರೆ. ನಿಜವೋ ಸುಳ್ಳೋ ಆಡಿ ನೋಡಿ. ಐದು ಗಂಟೆಯೊಳಗೆ ಐನೂರು ಪದ. ಆರಕ್ಕೆ ಪುಟ ಅಚ್ಚಿಗೆ. ಆರಕ್ಕೇ ಅವರ ಕಡೆಯವನು ಪೆಟ್ಟಿಗೆ ತಗೊಂಡು ಹೋಗೋಕೆ ಬರ್ತಾನೆ.”

“ಸಾರ್, ನಾನು, ಗೇಮು...”

“ಇಲ್ಲಿ ಆಡಬೇಡಿ. ಕಂಪ್ಯೂಟರೆಲ್ಲ ಪುಟ ಕಟ್ಟೋದರಲ್ಲಿವೆ. ಮನೆಗೆ ಹೋಗಿ ಆಡಿ.”

ಅಲ್ಪವಿರಾಮ ತನ್ನ ಜನ್ಮದಲ್ಲಿ ಆಡಿದ್ದು ಒಂದೇ ಗೇಮು. ಹಳೆಯ ಫೋನಿನಲ್ಲಿ ಹಾವು ಉದ್ದವಾಗುತ್ತ ಹೋಗುವ ಆಟ. ಅದರಲ್ಲೂ ಅವನ ಹಾವು ಮೊಳದುದ್ದ ಬೆಳೆಯುವ ಮೊದಲೇ ತನ್ನ ಬಾಲವನ್ನು ತಾನೇ ಕಚ್ಚಿಕೊಂಡು ಸಾಯುತ್ತಿತ್ತು. ಆದರೂ ಬಸ್ಸಿನಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವನಿಗೆ ಒಳಗೊಳಗೇ ಒಂದು ಪುಳಕ. ಹತ್ತೊಂಬತ್ತು ವರ್ಷದಲ್ಲಿ ಸಾವಿರಾರು ಲೇಖಕರ ಹೆಸರಿನ ಕಾಗುಣಿತ ಸರಿ ಮಾಡಿದ್ದ; ತನ್ನ ಹೆಸರನ್ನು ಒಮ್ಮೆಯೂ ಅಚ್ಚಿನಲ್ಲಿ ಕಂಡಿರಲಿಲ್ಲ. ತಡೆಯಲಾರದೆ ಹೆಂಡತಿಯ ಕೆಲಸದ ಜಾಗಕ್ಕೆ ಫೋನು ಮಾಡಿ ಹೇಳಿದ.

“ಹೌದೇನ್ರೀ! ಹೆಸರೂ ಹಾಕ್ತಾರಾ?” ಎಂದಳು ಹೆಂಡತಿ.

“ಹಾಕದೆ, ಏನು, ಪುಟ ಪೂರ್ತಿ ನಂದೇ.”

ಅಷ್ಟು ಸಾಕಾಯಿತು. ಅವನು ಬಸ್ಸಿಳಿಯುವಷ್ಟರಲ್ಲಿ ನಾದಿನಿ ಫೋನು ಮಾಡಿದಳು. ಮೆಟ್ಟಿಲು ಹತ್ತುವಾಗ ಷಡ್ಡಕ ಫೋನು ಮಾಡಿ, ತಾನು ಇಪ್ಪತ್ತು ಪ್ರತಿ ಕೊಳ್ಳುವುದಾಗಿ ಹೇಳಿದ. ಬಾಗಿಲ ಬೀಗ ತೆಗೆಯುತ್ತಿದ್ದಾಗ ಸೋದರತ್ತೆಯ ಫೋನು ಬಂತು. ಅವರಿಗೆ ವಿಷಯ ಯಾರ ಬಾಯಿಂದಲೋ ತಲುಪುವಾಗ ಸ್ವಲ್ಪ ಹಿಗ್ಗಿತ್ತು. “ಸಂಪಾದಕ ಆದೆಯಂತಲ್ಲೋ! ನಮಗೇ ಹೇಳ್ಲಿಲ್ಲ ನೋಡು” ಎಂದು ಅವರು ಮುನಿಸಿಕೊಂಡರು.

ಮನೆಯಲ್ಲಿ ಅವನು ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಕನ್ನಡಕ ಒರೆಸಿಕೊಂಡು, ಮೊದಲು ತನಗೆ ಗೊತ್ತಿದ್ದ ಕೆಲಸ ಮಾಡಿದ. ಕೈಪಿಡಿಯಲ್ಲಿ ಹದಿನಾಲ್ಕು ಕಾಗುಣಿತದ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕಿದ. ಆಮೇಲೆ ಪೆಟ್ಟಿಗೆಯನ್ನು ಟೀವಿಗೆ ಜೋಡಿಸಲು ಹೋದ. ಅವನ ಟೀವಿ ಅವನ ಮದುವೆಯಷ್ಟೇ ಹಳೆಯದು. ಅದರ ಬೆನ್ನಿನಲ್ಲಿ ಈ ಪೆಟ್ಟಿಗೆಯ ವೈರಿಗೆ ಹೊಂದುವ ತೂತೇ ಇರಲಿಲ್ಲ.

ಅವನು ಟೀವಿಯ ಹಿಂದೆ ಅಂಡು ಮೇಲೆ ಮಾಡಿಕೊಂಡು ಹುಡುಕುತ್ತಿದ್ದಾಗಲೇ ಮೇಲಿನ ಮನೆಯ ಅಳತೆ ಮಾವ ಒಳಗೆ ಬಂದರು. ಅವರು ಭೂಮಾಪನ ಇಲಾಖೆಯಿಂದ ನಿವೃತ್ತರಾದವರು. ಅಂದಿನಿಂದ ಇಡೀ ಕಟ್ಟಡ ಅವರ ಪಾಲಿನ ಭೂಮಿ. ಜೇಬಿನಲ್ಲಿ ಸದಾ ಅಳತೆಪಟ್ಟಿ. ಯಾರ ಮನೆಗೆ ಯಾವ ಸಾಮಾನು ಬಂದರೂ ಉದ್ದ ಅಗಲ ಬರೆದುಕೊಳ್ಳದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

“ಏನಪ್ಪಾ ಇದು? ಇಸ್ತ್ರಿ ಪೆಟ್ಟಿಗೆ ಮರಿ ಹಾಕಿದ ಹಾಗಿದೆ” ಎನ್ನುತ್ತ ಮಾವ ಪಟ್ಟಿ ಎಳೆದರು. “ಹದಿಮೂರು ಸೆಂಟಿಮೀಟರು. ಆ ಕಡೆಗೂ ಹದಿಮೂರು. ಚೌಕ ಅಂದ್ರೆ ಚೌಕ.”

“ಭಾರಿ ಗೇಮು ಓಡಿಸುತ್ತಂತೆ ಮಾವ. ನೋಡಿ, ಬರೀಬೇಕು, ಇವತ್ತೇ.”

“ಭಾರಿ ಅಂದ್ರೆ ಎಷ್ಟು ಭಾರ?” ಎಂದ ಮಾವ ಅದನ್ನು ಅಡುಗೆಮನೆಗೆ ಒಯ್ದು ತಕ್ಕಡಿಯ ಮೇಲಿಟ್ಟರು. “ಒಂದು ಕುಂಬಳಕಾಯಿ ಹೋಳಿನಷ್ಟೂ ಇಲ್ಲ. ಇದರೊಳಗೆ ನಾಲ್ಕು ಗೇಮಿದ್ಯಾ? ಗೇಮು ತೆಗೆದು ತೂಕ ಮಾಡಿದ್ರೆ ಗೊತ್ತಾಗ್ತಿತ್ತು.”

ಅಲ್ಪವಿರಾಮ ಕುರ್ಚಿಯ ಮೇಲೆ ಕುಸಿದು ಗಡಿಯಾರ ನೋಡಿದ. ಹನ್ನೆರಡೂವರೆ. “ಮಾವ, ನನಗೊಂದು ಪರದೆ ಬೇಕು. ಆಡೋಕೆ ಬರೋರೊಬ್ಬರು ಬೇಕು. ಇಲ್ಲ ಅಂದ್ರೆ, ನನ್ನ ಕತೆ, ಮುಗೀತು.”

ಮಾವ ಬಾಗಿಲ ಕಡೆಗೊಮ್ಮೆ ನೋಡಿ ದನಿ ತಗ್ಗಿಸಿದರು. “ಎರಡೂ ಒಂದೇ ಕಡೆ ಇದೆ. ಕೆಳಗಿನ ಡಾಕ್ಟರಮ್ಮ.”

“ಹಲ್ಲಿನ ಡಾಕ್ಟರಮ್ಮನಾ?”

“ಯಾರಿಗೂ ಹೇಳ್ಬೇಡ. ಅವರ ಕ್ಲಿನಿಕ್ಕಿನ ಕಿಟಕಿ ಅಳೆಯೋಕೆ ಹೋದಾಗ ನನ್ನ ಕಣ್ಣಿಗೆ ಬಿತ್ತು. ರೋಗಿಗಳಿಲ್ಲದಾಗ ಆಯಮ್ಮ ಕತ್ತಿ ಹಿಡ್ಕೊಂಡು ಬೆಟ್ಟ ಹತ್ತುತ್ತಾರೆ. ಪರದೆಯೊಳಗೆ.”

ನೆಲಮಹಡಿಯ ಕ್ಲಿನಿಕ್ಕಿನ ಡಾಕ್ಟರಮ್ಮನೆಂದರೆ ಕಟ್ಟಡದ ಅರ್ಧ ಜನಕ್ಕೆ ಭಯ, ಇನ್ನರ್ಧ ಜನಕ್ಕೆ ಕೃತಕ ಹಲ್ಲು. ಅಲ್ಪವಿರಾಮ ಕೈಮುಗಿದು ತನ್ನ ಸಂಕಟ ಹೇಳಿಕೊಳ್ಳುತ್ತಿದ್ದಾಗ ಅವರು ಅವನ ಕಣ್ಣು ನೋಡಲಿಲ್ಲ, ಹಲ್ಲು ನೋಡುತ್ತಿದ್ದರು. ಆದರೆ ‘ಮಿನಿ ಪಿಸಿ’ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರ ಮುಖದ ಗಂಟು ಸಡಿಲವಾಯಿತು.

“ಒಳಗೆ ಬನ್ನಿ. ಬಾಗಿಲು ಹಾಕಿ” ಎಂದರು. “ದಿನವಿಡೀ ಬೇರೆಯವರ ಬಾಯೊಳಗಿನ ಕತ್ತಲೆ ನೋಡ್ತೀನಪ್ಪ. ನಡುವೆ ಒಂದು ಬೆಟ್ಟ, ಒಂದು ಚೂರು ಆಕಾಶ ಬೇಡ್ವಾ ಮನುಷ್ಯರಿಗೆ?”

ಒಳಗೆ ಉದ್ದನೆಯ ಕುರ್ಚಿಯಲ್ಲಿ ಒಬ್ಬ ದಪ್ಪ ಮನುಷ್ಯ ಅಂಗಾತ ಮಲಗಿದ್ದ. ಡಾಕ್ಟರಮ್ಮ ಆಗಷ್ಟೇ ಅವನ ಒಸಡಿಗೆ ಸೂಜಿ ಚುಚ್ಚಿದ್ದರು. ಬಾಯ್ತುಂಬ ಹತ್ತಿ, ಎದೆಯ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. “ಇವರಿಗೆ ಮರಗಟ್ಟೋಕೆ ಇನ್ನೂ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ನೋಡಿಬಿಡೋಣ” ಎಂದ ಡಾಕ್ಟರಮ್ಮ ಎದುರಿನ ಗೋಡೆಯತ್ತ ಕೈ ತೋರಿಸಿದರು. ಅಲ್ಲಿ ರೋಗಿಗಳಿಗೆ ಅವರವರ ಹುಳುಕು ತೋರಿಸುವ ದೊಡ್ಡ ಪರದೆ ಇತ್ತು. ಅದರ ಕೆಳಗೆ ಹಸಿರು ಬಟ್ಟೆ ಮುಚ್ಚಿದ್ದ ಏನೋ ಒಂದು, ಕರುವಿನಷ್ಟು ದೊಡ್ಡದು. ಅದು ಡಾಕ್ಟರಮ್ಮನ ಸ್ವಂತ ಕಂಪ್ಯೂಟರು.

“ಜೋಡಿಸೋದು ನನಗೆ ಬಿಡಿ” ಎಂದು ಅಳತೆ ಮಾವ ಪೆಟ್ಟಿಗೆ ಹಿಡಿದುಕೊಂಡು ಮೇಜಿನ ಕೆಳಗೆ ತೂರಿದರು. ಸ್ವಲ್ಪ ಹೊತ್ತು ಅವರ ಕಾಲು ಮಾತ್ರ ಕಾಣಿಸಿತು. “ಇದನ್ನ ತೆಗೆದೆ... ಇದನ್ನ ಹಾಕಿದೆ... ಇದು ಎಲ್ಲಿಂದ ಬಂತು... ಆಯ್ತು, ಹೊತ್ತಿಸಿ!”

ಪರದೆ ಹೊತ್ತಿಕೊಂಡಿತು. ಹಿಮದ ಬೆಟ್ಟಗಳ ಚಿತ್ರ ಮೂಡಿತು. ಡಾಕ್ಟರಮ್ಮ ಕಣ್ಣರಳಿಸಿದರು. “ಅರೆ, ನಾನು ಹಾಕ್ಕೊಂಡಿದ್ದ ಚಿತ್ರಾನೇ ಬಂತಲ್ಲ! ಈಗೆಲ್ಲ ಹಾಗೇನೇ ಬಿಡಿ. ಯಾವ ಕಂಪ್ಯೂಟರಿನ ಮುಂದೆ ಕೂತರೂ ನಮ್ಮದೇ ಹಿಂದಿನಿಂದ ಓಡಿ ಬರುತ್ತೆ. ಗೇಮು ಕೂಡ ನಾನು ನಿನ್ನೆ ಬಿಟ್ಟಲ್ಲಿಗೇ ಬಂದಿದೆ ನೋಡಿ. ಭಲೇ ಪೆಟ್ಟಿಗೆ!”

ಆಮೇಲೆ ಆದದ್ದನ್ನು ಅಲ್ಪವಿರಾಮ ಬಾಯಿ ತೆರೆದುಕೊಂಡೇ ನೋಡಿದ. ಡಾಕ್ಟರಮ್ಮ ಎಲ್ಲವನ್ನೂ ಗರಿಷ್ಠಕ್ಕೇರಿಸಿದರು: ಹುಲ್ಲಿನ ಎಸಳು ಎಸಳೂ ಕಾಣಬೇಕು, ನೀರಿನಲ್ಲಿ ಮೋಡದ ನೆರಳು ಬೀಳಬೇಕು. ಪರದೆಯಲ್ಲಿ ಒಬ್ಬ ವೀರ ಕತ್ತಿ ಹಿರಿದು ಕುದುರೆಯೇರಿ ಹಾರಿದ. ಕಣಿವೆ ದಾಟಿದ. ಎದುರಿಗೆ ಬೆಂಕಿಯುಗುಳುತ್ತ ಒಂದು ಡ್ರ್ಯಾಗನ್ ಎದ್ದಿತು. ಅದರ ರೆಕ್ಕೆಯ ನರಗಳನ್ನೂ ಎಣಿಸಬಹುದಿತ್ತು. ಎಲ್ಲೂ ಒಂದು ಕ್ಷಣ ತಡವರಿಕೆಯಿಲ್ಲ. ಡಾಕ್ಟರಮ್ಮನ ಬೆರಳುಗಳು ಇಪ್ಪತ್ತೈದು ವರ್ಷ ಬೇರು ಕಿತ್ತ ಬೆರಳುಗಳು, ಡ್ರ್ಯಾಗನ್ನಿಗೆ ಉಳಿಗಾಲವಿರಲಿಲ್ಲ.

“ಬರ್ಕೊಳ್ರಿ” ಎಂದರು ಅವರು, ಕಣ್ಣು ಕೀಳದೆ. “ಬೆಣ್ಣೆ. ಅಪ್ಪಟ ಬೆಣ್ಣೆ.”

ಮಾವ ಪೆಟ್ಟಿಗೆಯ ಮೇಲೆ ಅಂಗೈ ಊರಿದರು. “ತಣ್ಣಗಿದೆ ಕಣಪ್ಪ! ಮಡಕೆ ನೀರಿನ ಹಾಗೆ.” ಕಿವಿಯಿಟ್ಟರು. “ಸದ್ದೇ ಇಲ್ಲ! ಉಸಿರಾಡ್ತಿದೆಯೋ ಇಲ್ವೋ ಅನ್ನೋ ಅನುಮಾನ ಬರ್ತಿದೆ.”

ಅಲ್ಪವಿರಾಮ ಸಂಭ್ರಮದಿಂದ ಎಲ್ಲವನ್ನೂ ಬರೆದುಕೊಂಡ.

ಅಷ್ಟರಲ್ಲಿ ಕುರ್ಚಿಯಲ್ಲಿದ್ದ ಮನುಷ್ಯ ಕೈಯೆತ್ತಿ, “ಅಅ... ವಯ್ಯ... ಊಊ!” ಎಂದ.

“ಏನಂತೆ?” ಎಂದರು ಡಾಕ್ಟರಮ್ಮ.

“ವೈಯಾರ ನೋಡು ಅಂತಿದಾರೆ, ಕುದುರೇದು” ಎಂದು ಮಾವ ಅರ್ಥ ಹೇಳಿದರು.

ಆ ಮನುಷ್ಯ ತಲೆಯನ್ನು ಜೋರಾಗಿ ಅಲ್ಲಾಡಿಸಿ ಮೇಜಿನ ಕೆಳಗೆ ಬೆರಳು ತೋರಿಸಿದ. “ವಯ್ಯ! ಇಅಅ! ಊಊಊ!”

“ಅವರಿಗೂ ಒಂದು ಸಲ ಆಡ್ಬೇಕಂತೆ” ಎಂದರು ಮಾವ.

“ಸುಮ್ನೆ ಮಲಗ್ರಿ, ಹತ್ತಿ ಬಿದ್ದುಹೋಗುತ್ತೆ” ಎಂದು ಡಾಕ್ಟರಮ್ಮ ಗದರಿ, ಎರಡನೆಯ ಡ್ರ್ಯಾಗನ್ನಿನ ಕಡೆಗೆ ತಿರುಗಿದರು. ಹತ್ತು ನಿಮಿಷ ಒಂದೂವರೆ ಗಂಟೆಯಾಯಿತು. ಮರಗಟ್ಟಿದ್ದು ಇಳಿಯತೊಡಗಿದಾಗ ಅವರು ಎದ್ದು ಆ ಮನುಷ್ಯನಿಗೆ ಇನ್ನೊಂದು ಸೂಜಿ ಚುಚ್ಚಿ, ಹೊಸ ಹತ್ತಿ ತುಂಬಿ, ಮತ್ತೆ ಬಂದು ಕೂತರು. ಅವನ ಕಣ್ಣಿನಲ್ಲಿ ನೀರಾಡಿತು. ಅದು ನೋವಿನದೆಂದು ಎಲ್ಲರೂ ತಿಳಿದರು.

ಮೂರೂವರೆಗೆ ಆಟ ಮುಗಿಯಿತು. ಲೇಖನವನ್ನು ಕಚೇರಿಗೆ ತಲುಪಿಸಬೇಕಿತ್ತು. ಅಲ್ಪವಿರಾಮನಿಗೆ ಟೈಪು ಮಾಡಲು ಬರುತ್ತಿರಲಿಲ್ಲ. ಕಾಗದದಲ್ಲಿ ಬರೆದದ್ದನ್ನು ಫೋನಿನಲ್ಲೇ ಪುಟದಕ್ಕನಿಗೆ ಓದಿ ಹೇಳತೊಡಗಿದ. ಪುಟದಕ್ಕ ಎಂದರೆ ಕಚೇರಿಯಲ್ಲಿ ಪುಟ ಕಟ್ಟುವಾಕೆ. ಇಪ್ಪತ್ತು ವರ್ಷದಿಂದ ಅದೇ ಕುರ್ಚಿ, ಅದೇ ಗತ್ತು.

“ಬೇಗ ಹೇಳಿ ಅಲ್ಪವಿರಾಮ, ನನಗೆ ಇನ್ನೂ ಆರು ಪುಟ ಇದೆ.”

“ತಲೆಬರಹ ಬರ್ಕೊಳ್ಳಿ ಅಕ್ಕಾ. ಪುಟ್ಟ ಪೆಟ್ಟಿಗೆ, ದೊಡ್ಡ ಆಟ.”

ಸರಿಯಾಗಿ ಅದೇ ಗಳಿಗೆಗೆ ಡಾಕ್ಟರಮ್ಮನಿಗೆ ತಮ್ಮ ಕಸುಬು ನೆನಪಾಗಿ, ಅವರು ಕುರ್ಚಿಯ ಮನುಷ್ಯನ ಹಲ್ಲಿಗೆ ಡ್ರಿಲ್ ಇಟ್ಟರು. ಕೊಠಡಿಯ ತುಂಬ ಜೀರುಂಡೆಗಳ ಸೈನ್ಯ ಎದ್ದಂತಾಯಿತು.

“ಏನು? ಜೋರಾಗಿ ಹೇಳಿ!”

“ಭಾರಿ ಗೇಮುಗಳೂ ಇದರಲ್ಲಿ ಬೆಣ್ಣೆಯಂತೆ ಸಾಗುತ್ತವೆ!” ಎಂದು ಅಲ್ಪವಿರಾಮ ಕಿರುಚಿದ. “ಪೆಟ್ಟಿಗೆಯಿಂದ ಶಬ್ದವೇ ಬರುವುದಿಲ್ಲ! ಮೇಲೆ ಕೈಯಿಟ್ಟರೆ ಹಿತ!”

“ಕೈಯಿಟ್ಟರೆ ಏನು?”

“ಹಿತ! ಹಿತ!” ಡ್ರಿಲ್ ಇನ್ನೊಂದು ಸ್ಥಾಯಿ ಏರಿತು. “ಕೊಂಡವರಿಗೆ ನೆಮ್ಮದಿ ಖಂಡಿತ!”

ಐನೂರು ಪದ ಹೇಳಿ ಮುಗಿಸುವಾಗ ಅವನ ಗಂಟಲು ಹರಿದ ತಮಟೆಯಾಗಿತ್ತು. ಆದರೆ ಮನಸ್ಸು ಹಗುರ. ಬೆಂಚಿನ ಮೇಲೆ ಕಾಲು ಚಾಚಿದ. ಡ್ರಿಲ್ ನಿಂತಿತು. ಕುರ್ಚಿಯ ಮನುಷ್ಯ ಎದ್ದು, ಬಾಯಿ ಮುಕ್ಕಳಿಸಿ ಉಗುಳಿ, ಮತ್ತೆ ಮುಕ್ಕಳಿಸಿ, ಮೂವರನ್ನೂ ಒಬ್ಬೊಬ್ಬರಾಗಿ ನೋಡಿ, ಅರ್ಧ ತುಟಿಯಲ್ಲೇ ಮಾತಾಡಿದ.

“ವೈರು ಕಣ್ರೀ! ಮಧ್ಯಾಹ್ನದಿಂದ ಬಡ್ಕೋತಿದೀನಿ, ವೈರು, ವೈರು ಅಂತ! ನಾನು ವೈರ್‌ಮನ್ನು. ಮೂವತ್ತು ವರ್ಷದಿಂದ ಇದೇ ಕೆಲಸ. ಮಲಗಿದ ಕಡೆಯಿಂದ ನನಗೆ ಕಾಣಿಸ್ತಿದ್ದದ್ದು ಅದೊಂದೇ. ಆ ಸಣ್ಣ ಪೆಟ್ಟಿಗೆ ವೈರು ಗೋಡೆಗೆ ಹಾಕೇ ಇಲ್ಲ! ನೆಲದ ಮೇಲೆ ಬಿದ್ದಿದೆ, ನೋಡಿ!”

ನಾಲ್ವರೂ ಬಗ್ಗಿ ನೋಡಿದರು. ಮಿನಿ ಪಿಸಿಯ ಕರಿ ವೈರು ಸತ್ತ ಹಾವಿನಂತೆ ನೆಲದ ಮೇಲೆ ಬಿದ್ದಿತ್ತು. ಪರದೆಯ ವೈರನ್ನು ಮಾವ ಎಲ್ಲಿಂದ ಕಿತ್ತಿದ್ದರೋ ಅಲ್ಲಿಗೇ, ಹಸಿರು ಬಟ್ಟೆಯ ಕೆಳಗಿನ ದೊಡ್ಡ ಕಂಪ್ಯೂಟರಿಗೇ, ಮರಳಿ ಸಿಕ್ಕಿಸಿದ್ದರು. ಮೂರು ಗಂಟೆ ಹೊತ್ತು ಬೆಟ್ಟ ಹತ್ತಿಸಿದ್ದು, ಡ್ರ್ಯಾಗನ್ ಕೊಲ್ಲಿಸಿದ್ದು ಅದೇ ಕರು.

“ಅದಕ್ಕೇ ತಣ್ಣಗಿತ್ತು” ಎಂದರು ಮಾವ, ವಿಚಾರ ಮಾಡುತ್ತ.

ಅಲ್ಪವಿರಾಮ ಆ ವೈರನ್ನು ಎತ್ತಿ ಹಿಡಿದ. “ಹಾಕಿ, ಈಗ, ಹಾಕಿ ನೋಡಿ” ಎಂದ.

ವೈರ್‌ಮನ್ನೇ ಕೂತು ಸರಿಯಾಗಿ ಜೋಡಿಸಿಕೊಟ್ಟ. ಕಂಪನಿಯವರು ಪೆಟ್ಟಿಗೆಯಲ್ಲಿ ತುಂಬಿದ್ದ ಗೇಮುಗಳಲ್ಲೂ ಅದೇ ಡ್ರ್ಯಾಗನ್ನಿನದು ಇತ್ತು. ಡಾಕ್ಟರಮ್ಮ ಅದನ್ನು ತೆರೆದು, ಎಲ್ಲವನ್ನೂ ಗರಿಷ್ಠಕ್ಕೇರಿಸಿದರು. ಮೊದಲು ಪೆಟ್ಟಿಗೆ ಗೊರಗುಟ್ಟಿತು. ಆಮೇಲೆ ಮಿಕ್ಸಿಯಲ್ಲಿ ಕಲ್ಲುಸಕ್ಕರೆ ಹಾಕಿದಂತೆ ಅರಚತೊಡಗಿತು. ಪರದೆಯ ಕುದುರೆ ಒಂದು ಕಾಲೆತ್ತಿತು. ಎರಡನೆಯ ಕಾಲೆತ್ತುವ ಮೊದಲು ಬಹಳ ಯೋಚನೆ ಮಾಡಿತು. ಡ್ರ್ಯಾಗನ್ನಿನ ತಲೆ ಬಂತು. ಬಾಲ ಬರಲು ಎಲ್ಲರೂ ಕಾದರು. ಮಾವ ವಾಡಿಕೆಯಂತೆ ಅಂಗೈ ಊರಲು ಹೋಗಿ, “ಅಯ್ಯಪ್ಪಾ!” ಎಂದು ಹಾರಿ, ಕೈಯನ್ನು ಬಾಯಿ ಮುಕ್ಕಳಿಸುವ ಬಟ್ಟಲಿನಲ್ಲಿ ಅದ್ದಿದರು. ಐದನೆಯ ನಿಮಿಷಕ್ಕೆ ಪೆಟ್ಟಿಗೆ ಒಂದು ನಿಟ್ಟುಸಿರು ಬಿಟ್ಟು ಆರಿಹೋಯಿತು.

“ಕಾಗದ ಪತ್ರ ಬರೆಯೋಕೆ, ಸಿನಿಮಾ ನೋಡೋಕೆ ಆದೀತು. ಸಣ್ಣಪುಟ್ಟ ಗೇಮಿಗೂ ಆದೀತು” ಎಂದು ಡಾಕ್ಟರಮ್ಮ ತೀರ್ಪು ಕೊಟ್ಟರು. “ಭಾರಿ ಗೇಮಿಗೆ ಇದರ ಕೈಲಿ ಆಗಲ್ಲ. ಪಾಪ, ಇಷ್ಟು ಸಣ್ಣ ಮೈಯಲ್ಲಿ ಬಿಸಿ ಹೋಗೋದಾದ್ರೂ ಎಲ್ಲಿಗೆ?”

ಅಲ್ಪವಿರಾಮ ಪುಟದಕ್ಕನಿಗೆ ಫೋನು ಮಾಡಿದ. ಪುಟ ಮುಗಿಸುತ್ತಿರುವಾಗ ಆಕೆ ಫೋನನ್ನು ಖಾನೆಯೊಳಗಿಟ್ಟು ಬೀಗ ಹಾಕುವವಳು. ಸಂಪಾದಕರ ಫೋನು ಯಾರೊಡನೆಯೋ ಮಾತಾಡುತ್ತಲೇ ಇತ್ತು. ಷಡ್ಡಕ ಕೊಳ್ಳಲಿರುವ ಇಪ್ಪತ್ತು ಪ್ರತಿ ಅವನ ಕಣ್ಣ ಮುಂದೆ ಕುಣಿದವು. ಪ್ರತಿಯೊಂದರಲ್ಲೂ ಅವನ ಹೆಸರು, ಹೆಸರಿನ ಕೆಳಗೆ ಐನೂರು ಪದದ ಸುಳ್ಳು. ಇನ್ನೂ ಬಿಸಿಯಾಗಿದ್ದ ಪೆಟ್ಟಿಗೆಯನ್ನು ಡಬ್ಬಕ್ಕೆ ತುರುಕಿ ಕಂಕುಳಲ್ಲಿಟ್ಟು ಓಡಿದ.

“ಹಿಂದಿನ ಓಣಿಯಲ್ಲಿ ಹೋಗು! ಆರುನೂರು ಮೀಟರು ಕಮ್ಮಿ! ನಾನೇ ಅಳೆದಿದೀನಿ!” ಎಂದು ಮಾವ ಕೂಗಿದರು.

ಓಣಿ ಆರುನೂರು ಮೀಟರು ಕಮ್ಮಿಯಿದ್ದದ್ದು ನಿಜ. ಆದರೆ ಮಾವ ಅಳೆದ ಮೇಲೆ ಅದನ್ನು ನೀರಿನ ಕೊಳವೆಗೆಂದು ಅಗೆದಿದ್ದರು. ಅಲ್ಪವಿರಾಮ ಮಣ್ಣಿನ ದಿಬ್ಬ ಹತ್ತಿ, ಹಲಗೆಯ ಮೇಲೆ ತಕಥೈ ಮಾಡಿ, ಒಂದು ಚಪ್ಪಲಿಯನ್ನು ಕೆಸರಿಗೆ ಒಪ್ಪಿಸಿ, ಮರಳಿ ಮುಖ್ಯ ರಸ್ತೆಗೇ ಬಂದು ಬಸ್ಸು ಹಿಡಿದ.

ಐದೂ ಮುಕ್ಕಾಲಿಗೆ ಕಚೇರಿಯ ಬಾಗಿಲಲ್ಲಿ ಕಂಪನಿಯ ಕಡೆಯವನು ನಗುಮುಖದಿಂದ ಕಾದು ನಿಂತಿದ್ದ. ಡಬ್ಬ ಇಸಿದುಕೊಂಡವನೇ ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸತೊಡಗಿದ. “ಈಗಷ್ಟೇ ಆಡಿದ್ರಾ ಸಾರ್? ಒಳ್ಳೇದಾಗಿ ಬರೆದಿದ್ದೀರಿ ತಾನೆ?”

“ಹೊಗಳಿಕೆ ಬಿಟ್ಟು, ಒಂದಕ್ಷರ, ಹೇಳಿಲ್ಲಪ್ಪ ನಾನು” ಎಂದ ಅಲ್ಪವಿರಾಮ. ಅವನ ದನಿ ಅಳುವಂತಿತ್ತು.

ಮೇಲೆ ಹೋಗಿ ಸಂಪಾದಕರ ಮೇಜು ಹಿಡಿದು ನಿಂತ. “ಸಾರ್, ನನ್ನ ಪುಟ, ಪೂರ್ತಿ ಬದಲಾಯಿಸ್ಬೇಕು.”

“ಪೂರ್ತೀನಾ? ಗಡಿಯಾರ ನೋಡ್ರಿ!” ಎಂದು ಸಂಪಾದಕರು ಸಿಡುಕಿದರು. “ಈಗ ಅಕ್ಷರ ತಿದ್ದಬಹುದು, ವಾಕ್ಯ ಮುಟ್ಟೋ ಹಾಗಿಲ್ಲ. ಇವತ್ತು ನೀವಿಲ್ಲದೆ ಕೊನೆಯ ಮೂರು ಪುಟದ ಕರಡನ್ನು ಯಾರೂ ಓದಿಲ್ಲ. ನಿಮ್ಮದೂ ನಿಮ್ಮ ಮೇಜಿನ ಮೇಲಿದೆ. ಓದಿ, ತಿದ್ದಿ, ಸಹಿ ಹಾಕಿ. ಹತ್ತು ನಿಮಿಷ!”

ನೇಣಿನ ಹಗ್ಗವನ್ನು ಎತ್ತಿಕೊಳ್ಳುವವನಂತೆ ಅಲ್ಪವಿರಾಮ ಕರಡನ್ನು ಕೈಗೆತ್ತಿಕೊಂಡ. ಕೆಂಪು ಪೆನ್ನಿನ ಮುಚ್ಚಳ ತೆಗೆದ. ತಲೆಬರಹ ಓದಿದ.

‘ಪುಟ್ಟ ಪೆಟ್ಟಿಗೆ, ದೊಡ್ಡ ಕಾಟ.’

ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಕಾಟ ಕಾಟವೇ ಆಗಿತ್ತು. ಕೆಳಗೆ ಓದಿದ. ‘ಭಾರಿ ಗೇಮುಗಳೂ ಇದರಲ್ಲಿ ಬಂಡೆಯಂತೆ ಸಾಗುತ್ತವೆ.’ ಅಭ್ಯಾಸಬಲದಿಂದ ಪೆನ್ನು ಬಂಡೆಯ ಮೇಲಿಳಿಯಿತು. ಕುದುರೆಯ ಎತ್ತಿದ ಕಾಲು ನೆನಪಾಗಿ ಗಾಳಿಯಲ್ಲೇ ನಿಂತಿತು. ‘ಪೆಟ್ಟಿಗೆಯಿಂದ ಶಬ್ದವೇ ಬರುವುದೆಲ್ಲ.’ ಹೌದಲ್ಲ! ಬಂದದ್ದೆಲ್ಲ ಶಬ್ದವೇ. ‘ಮೇಲೆ ಕೈಯಿಟ್ಟರೆ ಹತ.’ ಒಂದು ಗುಡಿಸು ಬಿದ್ದುಹೋಗಿತ್ತು, ಅಷ್ಟೇ. ಬಟ್ಟಲಿನಲ್ಲಿ ಅದ್ದಿದ್ದ ಮಾವನ ಅಂಗೈ ಇದಕ್ಕೆ ಸಾಕ್ಷಿ. ಕೊನೆಯ ಸಾಲಂತೂ ಮೂರು ಸಲ ಓದಿದ: ‘ಕೊಂಡವರಿಗೆ ನೆಮ್ಮದಿ ಕುಂಠಿತ.’

ಡ್ರಿಲ್ಲಿನ ಗದ್ದಲದಲ್ಲಿ ಪುಟದಕ್ಕನಿಗೆ ಏನು ಕೇಳಿಸಿತೋ ಅದನ್ನೇ ಆಕೆ ಟೈಪು ಮಾಡಿದ್ದಳು. ಅವನು ಹೇಳಿದ್ದೆಲ್ಲ ಸುಳ್ಳು. ಆಕೆ ತಪ್ಪು ಕೇಳಿಸಿಕೊಂಡದ್ದೆಲ್ಲ ನಿಜ. ಈಗ ತಿದ್ದಿದರೆ ಸುಳ್ಳು, ಬಿಟ್ಟರೆ ಸತ್ಯ.

ಅವನ ಬೆರಳು ಚಡಪಡಿಸಿತು. ಹತ್ತೊಂಬತ್ತು ವರ್ಷದಲ್ಲಿ ಒಂದು ತಪ್ಪನ್ನು ಕಣ್ಣಾರೆ ಕಂಡು ಬಿಟ್ಟವನಲ್ಲ. ತುರಿಸುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡ. ಆಮೇಲೆ ಪುಟದ ಮೂಲೆಯಲ್ಲಿ ‘ತಿದ್ದುಪಡಿ ಇಲ್ಲ’ ಎಂದು ಬರೆದು ಸಹಿ ಹಾಕಿದ. ಎದೆಯ ಮೇಲೆ ಕೂತಿದ್ದ ಆನೆ ಎದ್ದು ಹೋದಂತಾಯಿತು.

ಸಹಿ ಹಾಕಿದ ಮೇಲಷ್ಟೇ ಅವನು ಪುಟದ ನೆತ್ತಿ ನೋಡಿದ್ದು. ಅಲ್ಲಿ ಮಂಗನಬಾವಿನವನ ಹೆಸರು, ನಗುವ ಫೋಟೋ, ಯಾವಾಗಲೂ ಇರುವಂತೆಯೇ ಇದ್ದವು. ಬದಲಾಯಿಸುವ ನೆನಪು ಯಾರಿಗೂ ಆಗಿರಲಿಲ್ಲ. ಅವನ ಕೆಂಪು ಪೆನ್ನು ಆ ಹೆಸರಿನ ಮೇಲೆ ಹೋಯಿತು. ಮರುಗಳಿಗೆಗೆ ಕೆಳಗೆ ಬಾಗಿಲಲ್ಲಿ ಕಂಡ ನಗುಮುಖ ಕಣ್ಣಿಗೆ ಬಂತು. ನಾಳಿದ್ದು ಅದು ನಗುತ್ತಿರುವುದಿಲ್ಲ. ಮಂಗನಬಾವಿನವನ ಹತ್ತಿರ ಹತ್ತು ದಿನ ಯಾರೂ ಜಗಳಕ್ಕೂ ಹೋಗುವಂತಿಲ್ಲ. ಹೆಸರು ಅಲ್ಲೇ ಇರಲಿ ಎನಿಸಿತು.

ಉಳಿದ ಪುಟಗಳ ಕರಡನ್ನು ಅವನು ಉಸಿರು ಬಿಡದೆ ಓದಿ ಮುಗಿಸುವಷ್ಟರಲ್ಲಿ ಸಂಪಾದಕರು ತಮ್ಮ ಕೊಠಡಿಯಿಂದ ಹೊಟ್ಟೆ ಹಿಡಿದುಕೊಂಡು ಬಂದರು. ಕೈಯಲ್ಲಿ ಅದೇ ಪುಟ.

“ರೀ ಅಲ್ಪವಿರಾಮ! ‘ಶಬ್ದವೇ ಬರುವುದೆಲ್ಲ’! ‘ಕೈಯಿಟ್ಟರೆ ಹತ’! ಎಲ್ಲಿ ಬಚ್ಚಿಟ್ಟಿದ್ರಿ ಇಷ್ಟು ದಿನ ಈ ಕೈಯನ್ನ? ಕಂಪನಿಯವರು ಬೆಳಿಗ್ಗೆಯಿಂದ ಮೂರು ಸಲ ಫೋನು ಮಾಡಿ ಚೆನ್ನಾಗಿ ಬರೀರಿ ಅಂತ ಪೀಡಿಸ್ತಿದ್ರು. ಸರಿಯಾಗಿ ಕೊಟ್ರಿ! ಇನ್ನು ಮೇಲೆ ಈ ಪುಟ ನಿಮ್ಮದೇ. ನಿಮ್ಮ ಹೆಸರು, ನಿಮ್ಮ ಫೋಟೋ. ಮುಂದಿನ ವಾರಕ್ಕೆ ತಾನಾಗೇ ಕಸ ಗುಡಿಸೋ ಯಂತ್ರ ಬಂದಿದೆ. ನಾಳೇನೇ ಮನೆಗೆ ತಗೊಂಡು ಹೋಗಿ.”

ಮೂಲೆಯಲ್ಲಿ ಒಂದು ದೊಡ್ಡ ಡಬ್ಬ ಕೂತಿತ್ತು. ಅದನ್ನು ನೋಡುತ್ತಿದ್ದಂತೆ ಅಲ್ಪವಿರಾಮನಿಗೆ ಅಳತೆಪಟ್ಟಿ ಎಳೆಯುತ್ತ ಒಳಬರುವ ಮಾವ ಕಂಡರು. ಕಸಕ್ಕೂ ಡಾಕ್ಟರಮ್ಮನಿಗೂ ಏನು ಸಂಬಂಧವೋ ಗೊತ್ತಿಲ್ಲ, ಅವರೂ ಕಂಡರು. ಕಾಲಿನಲ್ಲಿ ಒಂದೇ ಚಪ್ಪಲಿ. ಹತ್ತೊಂಬತ್ತು ವರ್ಷ ಕಾದದ್ದು ಬಾಗಿಲು ತಟ್ಟುತ್ತಿತ್ತು. ಅವನಿಗೆ ಅಗುಳಿ ಹಾಕಿಕೊಳ್ಳಬೇಕೆನಿಸಿತು.

“ಸಾರ್” ಎಂದ. “ಅದು ನಂದಲ್ಲ. ನಾನು ಫೋನಲ್ಲಿ ಏನೋ ಒಂದು ಒದರಿದೆ. ಪುಟದಲ್ಲಿರೋದು ಅಕ್ಷರ ಅಕ್ಷರವೂ ಪುಟದಕ್ಕಂದೇ.”

“ಹೌದೇನಮ್ಮಾ?” ಎಂದು ಸಂಪಾದಕರು ತಿರುಗಿದರು.

ಪುಟದಕ್ಕ ಕೀಲಿಮಣೆಯಿಂದ ತಲೆಯೆತ್ತದೆ ಹೇಳಿದಳು. “ಇವರು ಹೇಳಿದ್ದು ಎಲ್ಲಿ ಕೇಳಿಸ್ತು ಸಾರ್? ಯಾವುದೋ ಗಿರಣೀಲಿ ನಿಂತ್ಕೊಂಡು ಮಾತಾಡ್ದಂಗಿತ್ತು. ಕೇಳಿಸಿದ ಕಡೆ ಕೇಳಿಸಿದ್ದು ಹಾಕಿದೆ, ಕೇಳಿಸದ ಕಡೆ ಅರ್ಥ ಆಗೋ ಹಾಗೆ ನಾನೇ ಹಾಕಿದೆ.”

“ಅದಕ್ಕೇ ಅನ್ನೋದು ಬರವಣಿಗೆ ಅಂತ!” ಎಂದು ಸಂಪಾದಕರು ಮೇಜು ಕುಟ್ಟಿದರು. “ನೋಡ್ರಿ ಅಲ್ಪವಿರಾಮ, ನೋಡಿ ಕಲೀರಿ. ಇಪ್ಪತ್ತು ವರ್ಷದಿಂದ ಇಲ್ಲೇ ಕೂತಿದ್ದಾರೆ, ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ಈ ಪುಟ ಇನ್ನು ಇವರದು. ತೆಗೀರಿ ಆ ಕೆನ್ನೆ ಊದಿದವನ ಹೆಸರು!”

ಪುಟದಕ್ಕನ ನಿಜವಾದ ಹೆಸರೇನೆಂಬುದು ಸಂಪಾದಕರಿಗೂ ಗೊತ್ತಿರಲಿಲ್ಲ. ಕೇಳಿ ಬರೆದುಕೊಂಡರು. ಕಂಪನಿಯವರು ಜಗಳಕ್ಕೆ ಬಂದರೆ ಎಂದು ಅಲ್ಪವಿರಾಮ ಮೆಲ್ಲಗೆ ಆಕೆಯ ಕಿವಿಯಲ್ಲಿ ಉಸುರಿದ. “ಬರ್ಲಿ” ಎಂದಳು ಪುಟದಕ್ಕ. “ಅವರು ಹೇಳೋದೂ ನನಗೆ ಸರಿಯಾಗಿ ಕೇಳಿಸಬೇಕಲ್ಲ.”

ಆರು ಗಂಟೆಗೆ ಎರಡು ನಿಮಿಷವಿದ್ದಾಗ, ಹೊಸ ಹೆಸರು ಹಾಕಿದ ಪುಟದ ಕರಡು ಮತ್ತೆ ಅವನ ಮೇಜಿಗೇ ಬಂತು, ಕಾಗುಣಿತ ನೋಡಲು. ಅವನು ಹೆಸರನ್ನು ಬೆರಳಿಟ್ಟು ಓದಿದ. ದೀರ್ಘ ಸರಿಯಿತ್ತು, ಒತ್ತಕ್ಷರ ಸರಿಯಿತ್ತು. ಸಹಿ ಹಾಕಿ ಕಳಿಸಿದ.

ಕೆಳಗೆ ಅಚ್ಚಿನ ಯಂತ್ರ ಗುಡುಗಲು ಶುರುವಾಯಿತು. ಫೋನು ಅದುರಿತು. ಷಡ್ಡಕನ ಸಂದೇಶ, ಇಪ್ಪತ್ತರ ಬದಲು ಮೂವತ್ತು ಪ್ರತಿ ಕೊಳ್ಳುತ್ತಾನಂತೆ. ಅಲ್ಪವಿರಾಮ ಅದನ್ನು ಮಗುಚಿ ಇಟ್ಟು, ಬೆಳಿಗ್ಗೆಯಿಂದ ಮೇಜಿನ ಕೆಳಗೇ ಉಳಿದುಹೋಗಿದ್ದ ಊಟದ ಡಬ್ಬಿ ತೆಗೆದು, ಕಾಲು ಚಾಚಿ, ತಣ್ಣಗಾಗಿದ್ದ ಅನ್ನವನ್ನು ಆರಾಮಾಗಿ ಉಣ್ಣತೊಡಗಿದ.